ಮುಖ್ಯ ಅತಿಥಿಗಳಿಗೆ ಐದನೆಯ ಸಾಲಿನಿಂದ ಒಂದು ಕಾಗದ

ಮಾನ್ಯ ಉದ್ಘಾಟಕರೇ, ಅಧ್ಯಕ್ಷತೆ ವಹಿಸುವವರೇ, ಮುಖ್ಯ ಅತಿಥಿಗಳೇ, ವಿಶೇಷ ಆಹ್ವಾನಿತರೇ, ಘನ ಉಪಸ್ಥಿತಿಯವರೇ,

ಸಂಗೀತ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುವ ಕ್ರಮದಲ್ಲೇ ನಿಮ್ಮನ್ನು ಕರೆದಿದ್ದೇನೆ. ಯಾರಾದರೂ ಮೇಲೆ ಕೆಳಗೆ ಆಗಿದ್ದರೆ ಮನ್ನಿಸಬೇಕು. ಈ ಒಂದು ವಿಷಯಕ್ಕೆ ನಮ್ಮ ಊರಿನಲ್ಲಿ ಎಂತೆಂಥ ಸ್ನೇಹಗಳು ಮುರಿದಿವೆ ಎಂಬುದು ನನಗೂ ಗೊತ್ತು.

ನಾನು ತುಮಕೂರಿನವಳು. ಅಡಿಕೆ ಮಂಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಹಾಡಲು ಬರುವುದಿಲ್ಲ, ಯಾವ ವಾದ್ಯವನ್ನೂ ಮುಟ್ಟಿದವಳಲ್ಲ, ಕೇಳುವುದೊಂದೇ ಗೊತ್ತು. ನಿಮಗೆ ನನ್ನ ಗುರುತಿಲ್ಲ. ನಿಮ್ಮ ಗುರುತು ನನಗೆ ಚೆನ್ನಾಗಿದೆ. ಐದನೆಯ ಸಾಲಿನ ಎಡತುದಿಯ ಕುರ್ಚಿ ನನ್ನದು. ಐದನೆಯ ಸಾಲೇ ಏಕೆಂದರೆ, ಮೊದಲೆರಡು ಸಾಲಿನ ಕುರ್ಚಿಗಳಿಗೆ ನಿಮಗೆಂದು ಬಿಳಿ ಬಟ್ಟೆ ಹೊದಿಸಿರುತ್ತಾರೆ. ಮೂರು ಮತ್ತು ನಾಲ್ಕು ನಿಮ್ಮ ಜೊತೆ ಬಂದವರಿಗೆ. ಹಾಡು ಕೇಳಲು ಬಂದವರ ಸಾಲು ಐದರಿಂದ ಶುರು. ಎಡತುದಿಯೇ ಏಕೆಂದರೆ, ಅಲ್ಲಿ ಕುಳಿತರೆ ಪರದೆಯ ಸಂದಿಯಲ್ಲಿ ಕಾಯುತ್ತಿರುವ ಕಲಾವಿದರು ಕಾಣಿಸುತ್ತಾರೆ. ಈ ಕಾಗದದ ಬಹುಪಾಲು ಆ ಸಂದಿಯಿಂದ ಕಂಡದ್ದು.

ಮಂಡಿಯ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ನನ್ನ ಸಂಗೀತದ ವರ್ಷವೂ ಹಾಗೆಯೇ. 2024ರ ಏಪ್ರಿಲ್‌ನಲ್ಲಿ ಮಂಡಿಯಲ್ಲಿ ಮಿಕ್ಕಿದ್ದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೇಳಿ ಪಡೆದು ನಾಲ್ಕು ಕಾಲಂ ಗೆರೆ ಎಳೆದೆ. ಪತ್ರಿಕೆಯಲ್ಲಿ ಅಚ್ಚಾದ ವೇಳೆ, ನೀವು ಬಂದ ವೇಳೆ, ಮೊದಲ ಸ್ವರ ಕಿವಿಗೆ ಬಿದ್ದ ವೇಳೆ, ಮಂಗಳ ಹಾಡಿದ ವೇಳೆ. ಮಾರ್ಚ್ ಮುಗಿಯುವ ಹೊತ್ತಿಗೆ ಇಪ್ಪತ್ತೇಳು ಕಾರ್ಯಕ್ರಮಗಳಾಗಿದ್ದವು. ಒಂಬತ್ತು ಬೆಂಗಳೂರಿನಲ್ಲಿ, ಒಂದು ಕೈವಾರದಲ್ಲಿ, ಒಂದು ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ, ಉಳಿದ ಹದಿನಾರು ನಮ್ಮ ತುಮಕೂರಿನಲ್ಲಿ.

ಆ ಹದಿನಾರರ ವಿಷಯಕ್ಕೇ ಬರುತ್ತೇನೆ. ಅತಿ ಹೆಚ್ಚು ಕಾದದ್ದು ಎರಡು ಗಂಟೆ ಮೂವತ್ತೈದು ನಿಮಿಷ: ಪತ್ರಿಕೆಯಲ್ಲಿ ಆರು ಗಂಟೆ, ಮೊದಲ ಸ್ವರ ಎಂಟು ಮೂವತ್ತೈದಕ್ಕೆ. ಅತಿ ಕಡಿಮೆ ಕಾದದ್ದು ನಾಲ್ಕು ನಿಮಿಷ. ಅದು ಹೇಗೆ ಸಾಧ್ಯವಾಯಿತು ಎಂದು ಆಶ್ಚರ್ಯಪಡಬೇಡಿ. ಆ ದಿನ ಮುಖ್ಯ ಅತಿಥಿಗಳ ಕಾರು ಡಾಬಸ್‌ಪೇಟೆಯ ಬಳಿ ಕೆಟ್ಟು ನಿಂತಿತ್ತು. ಅವರಿಗೆ ತೊಂದರೆಯಾಯಿತಲ್ಲ ಎಂದು ನಾನು ಮರುಗಬೇಕಿತ್ತು. ಮರುಗಲಿಲ್ಲ. ಆ ಸಂಜೆ ಕಲ್ಯಾಣಿ ರಾಗವನ್ನು ನಲವತ್ತು ನಿಮಿಷ ಕೇಳಿದೆವು.

ಆಹ್ವಾನ ಪತ್ರಿಕೆಯನ್ನು ನೀವು ಕೊನೆಯವರೆಗೆ ಓದಿರಲಾರಿರಿ, ನಿಮ್ಮ ಹೆಸರು ಮೇಲೆಯೇ ಸಿಕ್ಕಿಬಿಡುತ್ತದೆ. ನಾನು ಕೆಳಗಿನಿಂದ ಓದುತ್ತೇನೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ನಿಮ್ಮ ಹನ್ನೆರಡು ಹದಿನಾಲ್ಕು ಹೆಸರು, ಸನ್ಮಾನ, ವಂದನಾರ್ಪಣೆ, ಇಷ್ಟೆಲ್ಲ ಆದ ಮೇಲೆ ಅಚ್ಚಿನವರು ಉಳಿದ ಜಾಗಕ್ಕೆ ಹಿಡಿಸುವಷ್ಟು ಸಣ್ಣ ಅಕ್ಷರದಲ್ಲಿ ‘ನಂತರ ಸಂಗೀತ ಕಾರ್ಯಕ್ರಮ’ ಎಂದು ಹಾಕಿರುತ್ತಾರೆ. ಹಾಡುವವರ ಹೆಸರಿದ್ದರೆ ಪುಣ್ಯ. ಪಿಟೀಲಿನವರು, ಮೃದಂಗದವರು, ಘಟದವರು ಎಲ್ಲರೂ ಸೇರಿ ‘ಮತ್ತು ತಂಡದವರು’. ಬರುವ ಮಾತಿನ ಮಳೆಗೆ ಮೊದಲು ಒಂದೇ ಒಂದು ಹಾಡಿಗೆ ಅವಕಾಶವಿದೆ, ಅದು ಪ್ರಾರ್ಥನೆ. ಯಾವುದೋ ಶಾಲೆಯ ಹುಡುಗಿ ಮೊಬೈಲಿನ ತಂಬೂರಿಗೆ ಶ್ರುತಿ ಹಿಡಿದು, ಅಂಗೈ ಬೆವರುತ್ತ, ಎರಡು ನಿಮಿಷ ಹಾಡುತ್ತಾಳೆ. ಆ ಎರಡು ನಿಮಿಷ ನೀವು ಪಕ್ಕದವರ ಜೊತೆ ಕುರ್ಚಿ ಬದಲಾಯಿಸಿಕೊಳ್ಳುತ್ತಿರುತ್ತೀರಿ.

ಈಗ ಪರದೆಯ ಸಂದಿಗೆ ಬನ್ನಿ. ಜೂನ್ ತಿಂಗಳ ಒಂದು ಭಾನುವಾರ, ಊರಿನ ಒಂದು ಸಭಾಂಗಣ. ಮೃದಂಗದವರು ಐವತ್ತು ದಾಟಿದವರು. ಆರಕ್ಕೆ ಹತ್ತು ನಿಮಿಷ ಇರುವಾಗ ಚೀಲದಿಂದ ಸ್ಟೀಲಿನ ಪುಟ್ಟ ಡಬ್ಬಿ ತೆಗೆದರು. ಅದರಲ್ಲಿ ರವೆ. ನಾವು ಉಪ್ಪಿಟ್ಟಿಗೆ ಹಾಕುವ ರವೆಯೇ. ಅಂಗೈಯಲ್ಲಿ ನೀರು ಚಿಮುಕಿಸಿ ಕಲಸಿ, ಎಡಮುಖದ ನಡುವೆ ಉಂಡೆ ಇಟ್ಟು, ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ ಒಂದು ರೊಟ್ಟಿಯ ಹಾಗೆ ಹರಡಿದರು. ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಚೂರು ತೆಗೆದರು, ಮತ್ತೆ ತಟ್ಟಿದರು. ಆ ರವೆಯ ತೂಕದಲ್ಲೇ ಗುಮುಕಿ, ಎಂದರೆ ಎಡಗೈಯ ಗುಮ್ಮೆನ್ನುವ ನಾದ, ಅಡಗಿದೆ. ಹದ ತಪ್ಪಿದರೆ ಮೃದಂಗ ಮರದ ಹಲಗೆಯಂತೆ ಮಾತನಾಡುತ್ತದೆ. ಆಮೇಲೆ ಬಲಮುಖದ ಅಂಚಿಗೆ ಕಲ್ಲಿನಿಂದ ಮೆಲ್ಲಗೆ ಬಡಿದು ಶ್ರುತಿಗೆ ತಂದರು. ಆರು ಗಂಟೆಗೆ ಸರಿಯಾಗಿ ಅವರು ಸಿದ್ಧ. ಆಗ ಸ್ವಾಗತ ಭಾಷಣ ಶುರುವಾಯಿತು.

ಆರೂ ಮುಕ್ಕಾಲಿಗೆ ಅವರು ರವೆಯನ್ನು ಮುಟ್ಟಿ ನೋಡಿದರು. ಫ್ಯಾನಿನ ಗಾಳಿಗೆ ಅಂಚು ಒಣಗಿತ್ತು. ಬೆರಳು ಒದ್ದೆ ಮಾಡಿ ಸವರಿದರು. ಏಳು ಇಪ್ಪತ್ತಕ್ಕೆ ಅದು ಬಿರುಕು ಬಿಟ್ಟಿತು. ಕೆರೆದು ತೆಗೆದು, ಹೊಸದಾಗಿ ಕಲಸಿ ಹಚ್ಚಿದರು. ವೇದಿಕೆಯ ಮೇಲೆ ಐದನೆಯವರೋ ಆರನೆಯವರೋ ಸಂಗೀತಕ್ಕೂ ಒತ್ತಡದ ಬದುಕಿಗೂ ಇರುವ ನಂಟಿನ ಬಗ್ಗೆ ಹೇಳುತ್ತಿದ್ದರು. ಎಂಟು ಗಂಟೆಗೆ ಮೂರನೆಯ ಸಲ ಕಲಸುವಾಗ ಡಬ್ಬಿಯ ತಳ ಕಂಡಿತು. ಕೈ ತುಂಬ ರವೆ ಮೆತ್ತಿಕೊಂಡಿದ್ದ ಅದೇ ಗಳಿಗೆಯಲ್ಲಿ ‘ಈಗ ಕಲಾವಿದರಿಗೆ ಸನ್ಮಾನ’ ಎಂದು ನಿರೂಪಕಿ ಕರೆದರು. ಅವರು ಎರಡೂ ಕೈಗಳನ್ನು ದೂರ ಹಿಡಿದುಕೊಂಡೇ ಹೋಗಿ, ಹೆಗಲಿಗೆ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿಯನ್ನು ಮೊಣಕೈಗಳ ನಡುವೆ ಇಟ್ಟುಕೊಂಡು ಬಂದರು. ಫೋಟೋದಲ್ಲಿ ನೀವು ನಗುತ್ತಿದ್ದೀರಿ. ಮಾರನೆಯ ದಿನದ ಸುದ್ದಿಪತ್ರಿಕೆಯಲ್ಲಿ ಬಂದಿತ್ತು, ನೋಡಿದೆ.

ಕಛೇರಿ ಶುರುವಾದಾಗ ಎಂಟು ಮೂವತ್ತೈದು. ಸಭಾಂಗಣದವರು ಹತ್ತು ಗಂಟೆಗೆ ದೀಪ ಆರಿಸುತ್ತಾರೆ. ಇಂದು ನಾವು ಕೇಳುವ ಕಛೇರಿಯ ಚೌಕಟ್ಟನ್ನು ನಿಲ್ಲಿಸಿದ ಹಿರಿಮೆ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರದು ಎನ್ನುತ್ತಾರೆ. ಮೊದಲು ವರ್ಣ, ಆಮೇಲೆ ಚುರುಕಾದ ಒಂದೆರಡು ಕೃತಿ, ನಡುವೆ ವಿಸ್ತಾರವಾದ ರಾಗ, ದೊಡ್ಡ ಕೃತಿ, ಅದರ ಬೆನ್ನಿಗೆ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ, ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ. ಮದುವೆಯ ಊಟದ ಎಲೆಯ ಹಾಗೆ ಒಂದಾದ ಮೇಲೊಂದು ಬಡಿಸುವ ಏರ್ಪಾಡು ಅದು. ಹೊತ್ತು ಸಾಲದೆ ಹೋದಾಗ ಮೊದಲು ಬಿಡುವುದು ರಾಗ-ತಾನ-ಪಲ್ಲವಿ ಎಂಬ ಬಹಳ ಹೊತ್ತು ಹಿಡಿಯುವ ಭಾಗವನ್ನು. ಆಮೇಲೆ ಕತ್ತರಿ ಬೀಳುವುದು ತನಿಗೆ. ಆ ದಿನ ಮೃದಂಗದವರಿಗೆ ಸಿಕ್ಕಿದ್ದು ನಾಲ್ಕು ನಿಮಿಷ. ಮೂರು ಸಲ ರವೆ ಕಲಸಿದ ಮನುಷ್ಯನಿಗೆ ನಾಲ್ಕು ನಿಮಿಷ! ಅವರು ಬೇಸರ ತೋರಿಸಲಿಲ್ಲ. ಇದ್ದ ನಾಲ್ಕು ನಿಮಿಷದಲ್ಲಿ ಮುಕ್ತಾಯಕ್ಕೆ ಬಂದು ಸಮಕ್ಕೆ ಬಿದ್ದಾಗ ಗಾಯಕಿ ‘ಭೇಷ್’ ಎಂದದ್ದು ಐದನೆಯ ಸಾಲಿಗೂ ಕೇಳಿಸಿತು. ಮೊದಲ ಸಾಲಿಗೆ ಕೇಳಿಸಲಿಲ್ಲ, ಅಲ್ಲಿ ಆಗ ಯಾರೂ ಇರಲಿಲ್ಲ.

ತನಿ ಶುರುವಾದೊಡನೆ ಕಾಫಿಗೆ ಏಳುವ ನಮ್ಮವರ ಬಗ್ಗೆಯೂ ನನಗೆ ಸಿಟ್ಟಿದೆ. ಅದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ಚರ್ಮವಾದ್ಯಗಳಿಗೆ ನಿಮ್ಮ ಮಾತಿನಿಂದ ಆಗುವ ಹಾನಿಯ ಲೆಕ್ಕ ಇಷ್ಟಕ್ಕೇ ಮುಗಿಯಲಿಲ್ಲ. ನವೆಂಬರ್ ತಿಂಗಳು, ಬಡಾವಣೆಯೊಂದರ ರಾಜ್ಯೋತ್ಸವ, ಬಯಲು ವೇದಿಕೆ. ತಮಟೆಯ ಹುಡುಗರು ಎಂಟು ಜನ ಬಂದಿದ್ದರು. ಅವರನ್ನು ಮೊದಲು ದುಡಿಸಿಕೊಂಡದ್ದು ನಿಮ್ಮನ್ನು ಕಾರಿನಿಂದ ವೇದಿಕೆಯವರೆಗೆ ಕರೆತರಲು. ವೇದಿಕೆಯ ಹಿಂದೆ ಹುಲ್ಲು, ಹಳೆಯ ಪೇಪರು ಒಟ್ಟಿ ಬೆಂಕಿ ಹಾಕಿ, ತಮಟೆಯ ಮುಖವನ್ನು ಕಾವಿಗೆ ಹಿಡಿದು, ಬೆರಳಿನಿಂದ ತಟ್ಟಿ, ಚರ್ಮ ಬಿಗಿದು ‘ಠಣ್’ ಎನ್ನುವವರೆಗೆ ಕಾಯಿಸಿ ತಂದಿದ್ದರು. ನಿಮ್ಮನ್ನು ತಂದು ಬಿಟ್ಟ ಮೇಲೆ ಅವರ ಸರದಿ ಕೊನೆಗೆ. ಮುಖ್ಯ ಅತಿಥಿಗಳು ಮಾತನಾಡುತ್ತ, ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿಯೇ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಬಹಳ ಅಭಿಮಾನದಿಂದ ನೆನೆದರು. ನಾನೂ ಚಪ್ಪಾಳೆ ತಟ್ಟಿದೆ. ಅವರ ಬೆನ್ನ ಹಿಂದೆ ಹತ್ತು ಅಡಿ ದೂರದಲ್ಲಿ ಎಂಟು ತಮಟೆಗಳು ಇಬ್ಬನಿಗೆ ಒದ್ದೆಯಾಗುತ್ತಿದ್ದವು. ಸರದಿ ಬಂದಾಗ ಚರ್ಮ ಸಡಿಲವಾಗಿ ‘ಡಬ್ ಡಬ್’ ಎನ್ನುತ್ತಿತ್ತು. ಮತ್ತೆ ಕಾಯಿಸೋಣವೆಂದರೆ, ಶಾಮಿಯಾನಾ ಇದೆ, ಬೆಂಕಿ ಹಾಕಬೇಡಿ ಎಂದು ಗದರಿಸಿದರು. ಅದೂ ಸರಿಯೇ. ಹುಡುಗರು ಸಡಿಲವಾದ ತಮಟೆಯಲ್ಲೇ ಹನ್ನೊಂದು ನಿಮಿಷ ಬಾರಿಸಿದರು. ಹತ್ತಕ್ಕೆ ಮೈಕು ಬಂದ್.

ಹತ್ತು ಗಂಟೆಯ ನಿಯಮಕ್ಕೆ ನನ್ನ ತಕರಾರಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ, ಹಬ್ಬ ಉತ್ಸವಗಳಿಗೆಂದು ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ನನ್ನ ಓಣಿಯಲ್ಲೂ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹಾಸಿಗೆ ಹಿಡಿದವರಿದ್ದಾರೆ. ಆದರೆ ಆರರಿಂದ ಹತ್ತರವರೆಗೆ ನಾಲ್ಕು ಗಂಟೆ ಇದೆಯಲ್ಲ? ಆ ನಾಲ್ಕು ಗಂಟೆಯಲ್ಲಿ ಮೈಕು ಯಾರ ಕೈಯಲ್ಲಿತ್ತು ಎಂಬುದಷ್ಟೇ ನನ್ನ ಲೆಕ್ಕದ ಪುಸ್ತಕದ ಪ್ರಶ್ನೆ.

ಜನವರಿಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ನಷ್ಟವಾಯಿತು. ಧಾರವಾಡದ ಕಡೆಯ ಗಾಯಕಿಯೊಬ್ಬರನ್ನು ಕರೆಸಿದ್ದರು. ಪತ್ರಿಕೆಯಲ್ಲಿ ಐದೂ ಮುಕ್ಕಾಲು. ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತಿದೆ. ಮಾರ್ವಾ ಸೂರ್ಯ ಮುಳುಗುವ ಹೊತ್ತಿನದು, ಬೆಳಕು ಹೋಗಿಯೂ ಹೋಗದಂತಿರುವ ಸ್ವಲ್ಪವೇ ಕಾಲದ್ದು. ಆಕೆ ಬಂದು ಕುಳಿತಾಗ ಎಂಟು ಗಂಟೆ. ತಾನ್ಪುರದವಳ ಕಡೆ ತಿರುಗಿ, ಆಮೇಲೆ ನಮ್ಮ ಕಡೆ ತಿರುಗಿ, ಸಣ್ಣಗೆ ನಕ್ಕು, “ಮಾರ್ವಾ ಹಾಡಬೇಕು ಅಂತ ಬೆಳಗ್ಗೆಯಿಂದ ಅಂದುಕೊಂಡಿದ್ದೆ. ಅದರ ಹೊತ್ತು ಹೋಯಿತು. ಯಮನ್ ಹಾಡುತ್ತೇನೆ” ಎಂದರು. ಯಮನ್ ಬಹಳ ಚೆನ್ನಾಗಿತ್ತು. ಆದರೂ ಬೆಳಗ್ಗೆಯಿಂದ ಒಬ್ಬರ ಗಂಟಲಿನಲ್ಲಿ ಕುಳಿತಿದ್ದ ಮಾರ್ವಾ ತುಮಕೂರಿಗೆ ಬಂದು ಹಾಡಿಸಿಕೊಳ್ಳದೆ ಹಿಂದಕ್ಕೆ ಹೋಯಿತು. ನನ್ನ ಪುಸ್ತಕದಲ್ಲಿ ಆ ಪುಟದ ಅಂಚಿಗೆ ‘ಮಾರ್ವಾ ಬಾಕಿ’ ಎಂದು ಬರೆದಿದ್ದೇನೆ.

ನೀವು ಕೇಳಬಹುದು: ಇಷ್ಟು ಕಷ್ಟವಿದ್ದರೆ ಮನೆಯಲ್ಲೇ ಕುಳಿತು ಕೇಳಮ್ಮ, ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದು. ಕೇಳುತ್ತೇನೆ. ಕೇಳಿಯೇ ಬೆಳೆದವಳು. ಬಿ.ಎಚ್. ರಸ್ತೆಯಲ್ಲಿ ನಮ್ಮ ಅಪ್ಪನ ಕ್ಯಾಸೆಟ್ ಅಂಗಡಿ ಇತ್ತು. ಗಿರಾಕಿಗಳು ಚೀಟಿಯಲ್ಲಿ ಹಾಡುಗಳ ಹೆಸರು ಬರೆದು ಕೊಟ್ಟರೆ ಅಪ್ಪ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಬದಿಗೆ ಮೂವತ್ತು ನಿಮಿಷ. ಬೇರೆ ಅಂಗಡಿಗಳಲ್ಲಿ ಕೊನೆಯ ಹಾಡು ಅರ್ಧಕ್ಕೆ ಕತ್ತರಿಸಿಹೋಗುತ್ತಿತ್ತು. ಅಪ್ಪನಿಗೆ ಅದು ಆಗದು. ಸ್ಲೇಟಿನ ಮೇಲೆ ಪ್ರತಿ ಹಾಡಿನ ನಿಮಿಷ, ಸೆಕೆಂಡು ಬರೆದು, ಕೂಡಿ, ಹಿಂದೆ ಮುಂದೆ ಮಾಡಿ, ಮೂವತ್ತು ನಿಮಿಷಕ್ಕೆ ಹೊಂದಿಸುತ್ತಿದ್ದರು. ಕೂಡುವ ಕೆಲಸ ನನ್ನದು. “ಹಾಡನ್ನು ಅರ್ಧಕ್ಕೆ ನಿಲ್ಲಿಸುವುದು ಉಣ್ಣುವವರ ಎಲೆ ಎಳೆದ ಹಾಗೆ” ಎನ್ನುತ್ತಿದ್ದರು. ಲೆಕ್ಕ ನನಗೆ ಬಂದದ್ದು ಅಲ್ಲಿಂದ, ಈ ಕಾಗದ ಬಂದದ್ದೂ ಅಲ್ಲಿಂದಲೇ ಇರಬೇಕು.

ಈಗ ಆ ಅಂಗಡಿಯಲ್ಲಿ ತಮ್ಮ ಮೊಬೈಲ್ ರಿಪೇರಿ ಮಾಡುತ್ತಾನೆ. ಎರಡು ಟ್ರಂಕು ಕ್ಯಾಸೆಟ್ಟು ನನ್ನ ಮಂಚದ ಕೆಳಗಿವೆ. ಈ ವರ್ಷ ಅವುಗಳಲ್ಲಿ ಅತಿ ಹೆಚ್ಚು ಸಲ ಹಾಕಿದ್ದು ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’. 1978ರಲ್ಲಿ ಬಂದ ಅದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು. ನಮ್ಮದು ಸವೆದಿದೆ. ಟೇಪು ಹಿಗ್ಗಿ, ಎರಡನೆಯ ಬದಿಯಲ್ಲಿ ಶ್ರುತಿ ಒಂದೆಳೆ ಇಳಿಯುತ್ತದೆ, ವಯಸ್ಸಾದವರು ಮೆಟ್ಟಿಲು ಇಳಿದ ಹಾಗೆ. ಮೊಬೈಲಿನಲ್ಲಿ ಚೊಕ್ಕವಾದ ಪ್ರತಿ ಸಿಗುತ್ತದೆ, ಆದರೆ ನನಗೆ ಇಳಿಯುವ ಶ್ರುತಿಯೇ ಅಭ್ಯಾಸವಾಗಿದೆ. ಭೀಮಸೇನ ಜೋಶಿಯವರ ದಾಸರಪದಗಳು ಬೆಳಗಿನ ಅಡುಗೆಯ ಹೊತ್ತಿಗೆ; ಅದಕ್ಕೆ ಯಾವ ವರ್ಷವೂ ರಜೆ ಇಲ್ಲ. ಅಕ್ಕನ ಮಗ ಒತ್ತಾಯ ಮಾಡಿದನೆಂದು ರಘು ದೀಕ್ಷಿತರ 2008ರ ಮೊದಲ ಆಲ್ಬಂ ಕೇಳಿದೆ. ಶರೀಫಜ್ಜನ ಪದವನ್ನು ಗಿಟಾರಿನ ಮೇಲೆ ಕೂರಿಸಿದರೆ ಜಾರಿ ಬೀಳುತ್ತದೇನೋ ಎಂದುಕೊಂಡಿದ್ದೆ, ಬೀಳಲಿಲ್ಲ. ಅಷ್ಟು ಒಪ್ಪಿಕೊಳ್ಳುತ್ತೇನೆ.

ವರ್ಷದ ಆಲ್ಬಂ ಯಾವುದು ಎಂದರೆ ಮಾತ್ರ ನನ್ನ ಉತ್ತರ, ತಬಲಾದ ಜಾಕಿರ್ ಹುಸೇನರಿದ್ದ ಶಕ್ತಿ ತಂಡದ ‘ದಿಸ್ ಮೊಮೆಂಟ್’. ಬಂದದ್ದು 2023ರಲ್ಲಿ, ನನಗೆ ತಲುಪಿದ್ದು ಅದಕ್ಕೆ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂದ ಮೇಲೆ. ಸ್ಟುಡಿಯೋದಲ್ಲಿ ಕುಳಿತು ಆ ತಂಡ ಆಲ್ಬಂ ಮಾಡಿ ನಲವತ್ತಾರು ವರ್ಷಗಳಾಗಿದ್ದವು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಏಪ್ರಿಲ್‌ನಿಂದ ಕೇಳುತ್ತಲೇ ಇದ್ದೆ. ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾಕಿರ್ ಹುಸೇನರು ತೀರಿಕೊಂಡರು. ಸೋಮವಾರ ಮಂಡಿಯಲ್ಲಿ ಹರಾಜು ಮುಗಿದು ಎಲ್ಲರೂ ಊಟಕ್ಕೆ ಹೋದಾಗ, ಅಡಿಕೆ ಚೀಲಗಳ ನಡುವೆ ಕುಳಿತು ಅದೇ ಆಲ್ಬಂ ಮೊದಲಿನಿಂದ ಹಾಕಿದೆ. ಅವರ ತಬಲಾಕ್ಕೂ ಸೆಲ್ವಗಣೇಶರ ಖಂಜಿರಕ್ಕೂ ನಡೆಯುವ ಮಾತುಕತೆಯಲ್ಲಿ ಯಾರೂ ಯಾರ ಮಾತನ್ನೂ ತುಂಡರಿಸುವುದಿಲ್ಲ. ಆ ರಾತ್ರಿ ಹಿಂದಕ್ಕೆ ಹೋಗಿ ಆ ತಂಡದ ಮೊದಲ ಆಲ್ಬಂ ಹುಡುಕಿ ಕೇಳಿದೆ. ಅದರಲ್ಲಿ ಘಟ ನುಡಿಸಿರುವುದು ಸೆಲ್ವಗಣೇಶರ ತಂದೆ ವಿಕ್ಕು ವಿನಾಯಕರಾಂ. ಆ ಆಲ್ಬಂ ಸ್ಟುಡಿಯೋದಲ್ಲಿ ಆದದ್ದಲ್ಲ, 1975ರ ಜುಲೈನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕಾಲೇಜೊಂದರಲ್ಲಿ ನಡೆದ ಕಾರ್ಯಕ್ರಮದ ಧ್ವನಿಮುದ್ರಣ. ರೆಕಾರ್ಡಿನ ಎರಡನೆಯ ಬದಿ ಪೂರ್ತಿ ಒಂದೇ ರಚನೆ, ಸುಮಾರು ಇಪ್ಪತ್ತೊಂಬತ್ತು ನಿಮಿಷ. ನನ್ನ ಪುಸ್ತಕ ತೆರೆದು ನೋಡಿದೆ. ಅಕ್ಟೋಬರ್ ತಿಂಗಳ ಒಂದು ಕಾರ್ಯಕ್ರಮದಲ್ಲಿ ಪ್ರಾಸ್ತಾವಿಕ ನುಡಿಯೊಂದೇ ಸರಿಯಾಗಿ ಇಪ್ಪತ್ತೊಂಬತ್ತು ನಿಮಿಷ ನಡೆದಿತ್ತು.

ಆಲ್ಬಮ್ಮಿನಲ್ಲಿ ಎಲ್ಲವೂ ಇದೆ, ಆದರೆ ನಿನ್ನೆ ಕೇಳಿದ್ದೇ ಇವತ್ತೂ ಬರುತ್ತದೆ. ಗಾಯಕಿ ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುವಾಗ ಪಿಟೀಲಿನವರು ಅವರು ಬಿಟ್ಟ ಸ್ವರವನ್ನೇ ಹ್ಯಾಗೋ ಎತ್ತಿಕೊಂಡು ಹೋಗಿ ಬೇರೆ ಮನೆಗೆ ಬಿಡುವುದು, ಆಕೆ ಫ್ಲಾಸ್ಕ್ ಕೆಳಗಿಟ್ಟು ಬೆರಗಿನಿಂದ ನೋಡುವುದು, ಇದು ನನ್ನ ಎರಡು ಟ್ರಂಕಿನಲ್ಲಿ ಇಲ್ಲ. ಇದಕ್ಕಾಗಿಯೇ ಬರುತ್ತೇನೆ.

ಬೆಂಗಳೂರಿಗೆ ಹೋಗುವುದೂ ಇದಕ್ಕಾಗಿಯೇ. 1939ರಿಂದ ನಡೆದುಕೊಂಡು ಬಂದಿರುವ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಏಪ್ರಿಲ್‌ನಲ್ಲಿ ಮೂರು ಸಂಜೆ ಹೋದೆ. ಪಾನಕ, ಕೋಸಂಬರಿ, ಬೀಸಣಿಗೆ, ಹಿಂದಿನ ಸಾಲಿನಲ್ಲಿ ತಾಳ ಹಾಕುತ್ತ ತೊಡೆ ಕೆಂಪಾಗಿಸಿಕೊಂಡ ಅಜ್ಜಂದಿರು. ಎಪ್ಪತ್ತು ಕಿಲೋಮೀಟರ್ ದೂರದಿಂದ ಬಂದವಳಿಗೆ ಬಸ್ಸಿನ ಚಿಂತೆ. ಮೂರರಲ್ಲಿ ಎರಡು ದಿನ ತನಿಯ ನಡುವೆಯೇ ಎದ್ದು ಬಂದೆ. ಹಾಡಿನ ನಡುವೆ ಎದ್ದು ಹೋಗುವವರಲ್ಲಿ ನಾನೂ ಒಬ್ಬಳು ಎಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಹುಡುಕಿ ಹೇಳುವುದು ಬೇಡ. ನವೆಂಬರ್ 7ರಿಂದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ. ಅಲ್ಲಿಳಿದು ಹೆದ್ದಾರಿಯಲ್ಲಿ ನಿಂತರೆ ತುಮಕೂರಿನ ಬಸ್ಸು ಸಿಗುತ್ತದೆ. ಮೆಜೆಸ್ಟಿಕ್ಕಿನ ನೂಕುನುಗ್ಗಲು ತಪ್ಪಿತು.

ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗಿದ್ದೆ. ಸಂತಕವಿ ಕೈವಾರ ತಾತಯ್ಯನವರ ಸನ್ನಿಧಿಯಲ್ಲಿ ಮೂರು ದಿನ, ಎಪ್ಪತ್ತೆರಡು ಗಂಟೆ, ಹಗಲು ರಾತ್ರಿ ಎನ್ನದೆ ಸಂಗೀತ. ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ. ರಾತ್ರಿ ಎರಡು ಗಂಟೆಗೆ ನಾನು ಕಂಬಕ್ಕೆ ಒರಗಿ ನಿದ್ದೆ ಹೋದೆ. ಎದ್ದಾಗ ಬೇರೆ ರಾಗ, ಬೇರೆ ದನಿ. ನಾಲ್ಕು ಕಾಲಮ್ಮಿನ ನನ್ನ ಪುಸ್ತಕದಲ್ಲಿ ಆ ಪುಟದಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಖಾಲಿ ಬಿಟ್ಟೆ.

ಗುಬ್ಬಿ ತಾಲ್ಲೂಕಿನ ಹಳ್ಳಿಯ ಕಥೆಯೊಂದನ್ನು ಹೇಳದೆ ಈ ಕಾಗದ ಮುಗಿಸಲಾರೆ, ಏಕೆಂದರೆ ಅದರಲ್ಲಿ ನಿಮ್ಮವರೊಬ್ಬರಿದ್ದಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ನೆಲ ಅದು. ಆ ಕಂಪನಿಯ ವೀರಣ್ಣನವರ ಹೆಸರನ್ನು ನಮ್ಮ ಊರಿನ ಕಲಾಕ್ಷೇತ್ರಕ್ಕೆ ಇಟ್ಟಿದ್ದೇವೆ. ಅವರ ಹಾಡಿನ ಹುಚ್ಚನ್ನು ಹಳ್ಳಿಗಳೇ ಇಟ್ಟುಕೊಂಡಿವೆ. ಫೆಬ್ರವರಿಯಲ್ಲಿ, ಜಾತ್ರೆಯ ಮಾರನೆಯ ರಾತ್ರಿ, ಊರವರೇ ಬಣ್ಣ ಹಚ್ಚಿಕೊಂಡ ಕುರುಕ್ಷೇತ್ರ ನಾಟಕ. ದುರ್ಯೋಧನನ ಪಾತ್ರದವರು ಹಗಲು ಹೆದ್ದಾರಿಯಲ್ಲಿ ಎಳನೀರು ಮಾರುತ್ತಾರೆ. ಪಾತ್ರ ಮಾಡಲು ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಸೀನರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ಮೈಕಿಗೆಂದು ತಾವೇ ಕೊಟ್ಟು ಪಾತ್ರ ಹಿಡಿಯುತ್ತಾರೆ. ರಾತ್ರಿಯಿಡೀ ಮೈಕು ಹೇಗೆ ಓಡಿತು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಹನ್ನೊಂದೂವರೆಯ ಸುಮಾರಿಗೆ ಕೃಷ್ಣ ಹಾಡುತ್ತಿದ್ದ. ಎರಡು ಕಾರು ಬಂದು ನಿಂತವು. ಸಂಘದವರು ಹಾರ ಹಿಡಿದು ಓಡಿದರು, ಒಬ್ಬ ವೇದಿಕೆಗೆ ಹತ್ತಿ ಪರದೆ ಎಳೆಯಲು ಕೈ ಮಾಡಿದ. ಹಾರ್ಮೋನಿಯಂ ಮೇಷ್ಟ್ರು ಎಪ್ಪತ್ತರ ಮುದುಕರು. ಕಾಲಿನಲ್ಲಿ ತಿದಿ ತುಳಿಯುತ್ತಲೇ, ಬಲಗೈ ಮನೆಗಳ ಮೇಲೆ ಆಡುತ್ತಲೇ, ಎಡಗೈ ಅಂಗೈಯನ್ನು ಅವನ ಕಡೆಗೆ ಎತ್ತಿ ಹಿಡಿದರು. ತಲೆ ಎತ್ತಿ ನೋಡಲೂ ಇಲ್ಲ. ಬಂದ ಗಣ್ಯರು ಅದನ್ನು ಕಂಡರು. ಒಂದು ಗಳಿಗೆ ನಿಂತರು. ಆಮೇಲೆ ಚಪ್ಪಲಿ ಬಿಟ್ಟು, ಮುಂದಿನ ಚಾಪೆಯಲ್ಲಿ ಮುದುಕಿಯರ ನಡುವೆ ಜಾಗ ಮಾಡಿಕೊಂಡು ಕುಳಿತರು. ಪದ ಮುಗಿಯಿತು. ಜನ ‘ಒನ್ಸ್ ಮೋರ್’ ಎಂದರು. ಕೂಗಿದವರಲ್ಲಿ ಆ ಗಣ್ಯರ ದನಿಯೂ ಇತ್ತು. ಕೃಷ್ಣ ಇನ್ನೊಮ್ಮೆ ಹಾಡಿದ, ಮೊದಲಿಗಿಂತ ಒಂದು ಎಳೆ ಉದ್ದವಾಗಿ. ಆಮೇಲೆ ಕರೆದಾಗ ಅವರು ಎರಡೇ ನಿಮಿಷ ಮಾತನಾಡಿದರು, ನಾನು ಗಡಿಯಾರ ನೋಡಿದ್ದೇನೆ. ಮತ್ತೆ ಬಂದು ಅದೇ ಚಾಪೆಯಲ್ಲಿ ಕುಳಿತರು. ಕರ್ಣನ ದೃಶ್ಯ ಬರುವಾಗ ಕಂಬಕ್ಕೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಹೊಡೆಯಲಿ, ಇದ್ದರಲ್ಲ. ಅವರ ಹೆಸರು ಬರೆಯುವುದಿಲ್ಲ; ಬರೆದರೆ ಚುನಾವಣೆಯ ಪ್ರಚಾರ ಎಂದಾರು.

ನಮ್ಮ ಊರಿನ ಸಂಘಟಕರೊಬ್ಬರ ಬಳಿ ಇದನ್ನೆಲ್ಲ ಹೇಳಿಕೊಂಡೆ. “ಅಕ್ಕಾ, ಅವರ ಹೆಸರು ಹಾಕದಿದ್ದರೆ ದೇಣಿಗೆ ಬರುವುದಿಲ್ಲ, ದೇಣಿಗೆ ಬರದಿದ್ದರೆ ಸಭಾಂಗಣದ ಬಾಡಿಗೆ ಕಟ್ಟುವವರು ಯಾರು?” ಎಂದರು. ಮಾತು ನಿಜ. ಲೆಕ್ಕ ಬರೆಯುವವಳಿಗೆ ಅದು ತಿಳಿಯದೆ? ನೀವು ಕೊಡುವ ಹಣದಿಂದಲೇ ನನಗೆ ಪುಕ್ಕಟೆ ಸಂಗೀತ. ಅದಕ್ಕೇ ಹೆಸರು ತೆಗೆಯಿರಿ ಎಂದು ಕೇಳುತ್ತಿಲ್ಲ. ಪತ್ರಿಕೆಯಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ ಹಾಕಿಸಿಕೊಳ್ಳಿ, ಬ್ಯಾನರಿನಲ್ಲಿ ಫೋಟೋ ಇರಲಿ. ನಾನು ಕೇಳುತ್ತಿರುವುದು ಗಡಿಯಾರದ ಮುಳ್ಳನ್ನು ಮಾತ್ರ.

ಬಂದು ದೀಪ ಹಚ್ಚಿ, ಕೆಳಗಿಳಿದು, ಬಿಳಿ ಬಟ್ಟೆಯ ಕುರ್ಚಿಯಲ್ಲಿ ಕುಳಿತುಬಿಡಿ. ಹಾಡು ಮೊದಲಾಗಲಿ. ತನಿ ಮುಗಿದ ಮೇಲೆ ಹಾಡುವವರಿಗೂ ನೀರು ಕುಡಿಯುವಷ್ಟು ಬಿಡುವು ಬೇಕು. ಆಗ ಹತ್ತು ನಿಮಿಷ ನಿಮಗೆಲ್ಲರಿಗೂ ಸೇರಿ. ಆಗ ನೀವು ಹೇಳುವುದನ್ನು ಜನ ಕೇಳಿಯೂ ಕೇಳುತ್ತಾರೆ, ಏಕೆಂದರೆ ಹೊಟ್ಟೆ ತುಂಬಿರುತ್ತದೆ. ಸನ್ಮಾನದ ಶಾಲಿನ ಬಗ್ಗೆ ಒಂದು ಮಾತು: ಯಾವ ಹಿರಿಯ ಕಲಾವಿದರ ಮನೆಗೆ ಬೇಕಾದರೂ ಹೋಗಿ ನೋಡಿ, ಬೀರು ತುಂಬ ಅವೇ. ಆ ದುಡ್ಡಿನಲ್ಲಿ ಪಿಟೀಲಿನವರ, ಮೃದಂಗದವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಅವರು ಅದನ್ನು ಮನೆಗೆ ಒಯ್ದು ಮಕ್ಕಳಿಗೆ ತೋರಿಸುತ್ತಾರೆ. ಇನ್ನು, ಬೇರೆ ಕಾರ್ಯಕ್ರಮವಿದ್ದು ನಡುವೆ ಏಳಲೇಬೇಕಾದರೆ ಒಂದು ಕೃತಿ ಮುಗಿಯುವವರೆಗೆ ತಾಳಿ. ನೀವೊಬ್ಬರು ಎದ್ದರೆ ನಲವತ್ತು ಕುರ್ಚಿ ಏಳುತ್ತವೆ. ಆ ಸದ್ದಿಗೆ ಮೊನ್ನೆ ಒಬ್ಬ ಹುಡುಗ ಆಲಾಪನೆಯ ನಡುವೆ ಆಧಾರ ಸ್ವರವಾದ ಷಡ್ಜ ತಪ್ಪಿ ಹುಡುಕಿದ. ಹದಿನೇಳೋ ಹದಿನೆಂಟೋ ವಯಸ್ಸು ಅವನಿಗೆ.

ಬರುವ ಶನಿವಾರದ ಪತ್ರಿಕೆ ನನ್ನ ಕೈ ಸೇರಿದೆ. ಹನ್ನೊಂದು ಹೆಸರುಗಳಿವೆ. ಆರು ಗಂಟೆಗೆ ಎಂದು ಹಾಕಿದ್ದಾರೆ. ಜೂನಿನಲ್ಲಿ ಬಂದಿದ್ದ ಅದೇ ಮೃದಂಗದವರು ಬರುತ್ತಾರೆಂದು ಕೇಳಿದ್ದೇನೆ. ಐದೂ ಐವತ್ತಕ್ಕೆ ರವೆ ಕಲಸುತ್ತಾರೆ.

ಇಂತಿ,
ಐದನೆಯ ಸಾಲಿನ ಎಡತುದಿಯ ಕುರ್ಚಿಯವಳು,
ತುಮಕೂರು